ಒಂದು, ಎರಡು ರೂಪಾಯಿ ನಾಣ್ಯಗಳ ಚಲಾವಣೆಯನ್ನು ನಿಲ್ಲಿಸುವ ಕಾಲ ಬಂದಿದೆಯೇ?

ಗಲ್ಲಾಪೆಟ್ಟಿಗೆ (ದಿನಸಿ ವ್ಯಾಪಾರಿ, ತಿಪಟೂರು)

ಮಾನ್ಯರೇ, ನಾನು ತಿಪಟೂರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ದಿನಸಿ ಅಂಗಡಿ ನಡೆಸುತ್ತಿದ್ದೇನೆ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ವಾರದ ಚಿಲ್ಲರೆಯನ್ನು ಚಾಪೆಯ ಮೇಲೆ ಸುರಿದು ಬೇರ್ಪಡಿಸುವುದು ನಮ್ಮ ಮನೆಯ ವಾಡಿಕೆ. ಕಳೆದ ವಾರ ಹಾಗೆ ಕುಳಿತಾಗ ಹಳೆಯ ಡಬ್ಬಿಯೊಂದರಿಂದ ಎಂಟಾಣೆಯ 212 ನಾಣ್ಯಗಳು ಹೊರಬಂದವು. ಒಟ್ಟು 106 ರೂಪಾಯಿ. ಅವನ್ನು ಯಾವ ಗ್ರಾಹಕರೂ ತೆಗೆದುಕೊಳ್ಳುವುದಿಲ್ಲ, ಕೊಡಲು ನನಗೂ ಮುಜುಗರ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಎಂಟಾಣೆಯ ಜೊತೆಗೆ ಒಂದು ಮತ್ತು ಎರಡು ರೂಪಾಯಿಯ ನಾಣ್ಯಗಳನ್ನೂ ಹಂತಹಂತವಾಗಿ ಹಿಂತೆಗೆದುಕೊಂಡು, ಐದು ರೂಪಾಯಿಯನ್ನೇ ಕನಿಷ್ಠ ನಾಣ್ಯವಾಗಿ ಉಳಿಸಿಕೊಳ್ಳಬೇಕು. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ 2018ರಲ್ಲಿ ದೊರೆತ ಉತ್ತರದ ಪ್ರಕಾರ ಒಂದು ರೂಪಾಯಿಯ ನಾಣ್ಯವನ್ನು ಟಂಕಿಸಲು 1 ರೂಪಾಯಿ 11 ಪೈಸೆ ಖರ್ಚಾಗುತ್ತಿತ್ತು. ತನ್ನ ಬೆಲೆಗಿಂತ ದುಬಾರಿಯಾದ ವಸ್ತುವನ್ನು ಸರ್ಕಾರ ತಯಾರಿಸುವುದು, ನಾವು ಅದನ್ನು ಎಣಿಸಿ ಕೈ ಕಪ್ಪು ಮಾಡಿಕೊಳ್ಳುವುದು, ಕೊನೆಗೆ ಅದು ಯಾರದೋ ಮನೆಯ ಡಬ್ಬಿ ಸೇರುವುದು, ಇದರಲ್ಲಿ ಯಾರಿಗೆ ಲಾಭವೆಂದು ನನಗೆ ತಿಳಿಯುತ್ತಿಲ್ಲ. 25 ಪೈಸೆ ಹೋದಾಗ ಆಕಾಶವೇನೂ ಕಳಚಿ ಬೀಳಲಿಲ್ಲವಲ್ಲ.

ನಿವೃತ್ತ ಕ್ಯಾಶಿಯರ್ (ಧಾರವಾಡ)

ವ್ಯಾಪಾರಿ ಮಿತ್ರರ ಬೇಸರ ನನಗೆ ಅರ್ಥವಾಗುತ್ತದೆ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನಾನೂ ಇದೇ ಚಿಲ್ಲರೆಯನ್ನು ಎಣಿಸಿದ್ದೇನೆ. ಆದರೂ ಎರಡು ವಿಷಯಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲನೆಯದು ಕಾನೂನು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮುಖಬೆಲೆಯ ನಾಣ್ಯಗಳ ಮಾನ್ಯತೆ 2011ರ ಜೂನ್ 30ರಿಂದ ರದ್ದಾಯಿತು. ಎಂಟಾಣೆಗೆ ಮಾತ್ರ ಇಂದಿಗೂ ಮಾನ್ಯತೆಯಿದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳನ್ನು ಸಾವಿರ ರೂಪಾಯಿಯವರೆಗಿನ ಪಾವತಿಗೂ, ಎಂಟಾಣೆಯನ್ನು ಹತ್ತು ರೂಪಾಯಿಯವರೆಗಿನ ಪಾವತಿಗೂ ಬಳಸಬಹುದು. ಅಂದರೆ ನಿಮ್ಮ 212 ನಾಣ್ಯಗಳಲ್ಲಿ ಒಂದು ಬಾರಿಗೆ ಇಪ್ಪತ್ತನ್ನು ಮಾತ್ರ ನೀವು ಯಾರಿಗಾದರೂ ಹಕ್ಕಿನಿಂದ ಕೊಡಬಹುದು. ಇಪ್ಪತ್ತೊಂದನೆಯದನ್ನು ಬೇಡವೆನ್ನುವ ಅಧಿಕಾರ ಅವರಿಗಿದೆ.

ಎರಡನೆಯದು ಖರ್ಚು. ಒಂದು ನಾಣ್ಯ ಒಂದೇ ವ್ಯವಹಾರಕ್ಕೆ ಬಳಕೆಯಾಗಿ ಮುಗಿದುಹೋಗುವುದಿಲ್ಲ. ನೋಟು ಕೆಲವೇ ವರ್ಷಗಳಲ್ಲಿ ಜೀರ್ಣವಾದರೆ ಉಕ್ಕಿನ ನಾಣ್ಯ ದಶಕಗಳ ಕಾಲ ಬಾಳುತ್ತದೆ. ಅಷ್ಟರಲ್ಲಿ ಎಷ್ಟು ಸಾವಿರ ಕೈಗಳನ್ನು ದಾಟುತ್ತದೆಯೋ ಲೆಕ್ಕವಿಲ್ಲ. ನೀವು ಹೇಳಿದ ಅದೇ ಉತ್ತರದಲ್ಲಿ ಐದು ರೂಪಾಯಿಯ ನಾಣ್ಯಕ್ಕೆ 3.69 ರೂಪಾಯಿ, ಹತ್ತರದ್ದಕ್ಕೆ 5.54 ರೂಪಾಯಿ ಎಂದಿತ್ತು. ಚಿಕ್ಕದರಲ್ಲಿ ಆಗುವ ನಷ್ಟ ದೊಡ್ಡದರಲ್ಲಿ ಸರಿದೂಗುತ್ತದೆ. ಆದ್ದರಿಂದ ಟಂಕಿಸುವ ಖರ್ಚೊಂದನ್ನೇ ಹಿಡಿದು ನಾಣ್ಯದ ಹಣೆಬರಹ ಬರೆಯಲಾಗದು. ನಾಣ್ಯ ಹೋದ ಮೇಲೆ ಅದರ ಜಾಗದಲ್ಲಿ ನಡೆಯುವ ರೌಂಡ್ ಆಫ್‌ನ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ಟೊರಾಂಟೊದ ಕನ್ನಡತಿ

ನಾನಿರುವ ದೇಶದಲ್ಲಿ ಇದು ನಡೆದುಹೋಗಿರುವುದರಿಂದ ಹೇಳುತ್ತೇನೆ. ಕೆನಡಾ ತನ್ನ ಕೊನೆಯ ಒಂದು ಸೆಂಟಿನ ನಾಣ್ಯವನ್ನು 2012ರ ಮೇ ತಿಂಗಳಲ್ಲಿ ಟಂಕಿಸಿತು. 2013ರ ಫೆಬ್ರವರಿ 4ರಿಂದ ಅದರ ವಿತರಣೆ ನಿಂತಿತು. ಮಾನ್ಯತೆಯನ್ನು ಮಾತ್ರ ರದ್ದು ಮಾಡಲಿಲ್ಲ. ಅದರ ಜೊತೆಗೇ ರೌಂಡ್ ಆಫ್ ಮಾಡುವ ಕ್ರಮವನ್ನೂ ಸರ್ಕಾರ ಪ್ರಕಟಿಸಿತು. ತೆರಿಗೆ ಸೇರಿದ ಒಟ್ಟು ಮೊತ್ತ 1 ಅಥವಾ 2ರಲ್ಲಿ ಮುಗಿದರೆ ಕೆಳಕ್ಕೆ, 3 ಅಥವಾ 4ರಲ್ಲಿ ಮುಗಿದರೆ ಮೇಲಕ್ಕೆ. 6 ಮತ್ತು 7 ಕೆಳಗೆ 5ಕ್ಕೆ, 8 ಮತ್ತು 9 ಮೇಲೆ ಹತ್ತಕ್ಕೆ. ಒಂದೊಂದು ಸಾಮಾನಿನ ಬೆಲೆಯನ್ನು ಮುಟ್ಟುವಂತಿಲ್ಲ. ಕಾರ್ಡಿನಲ್ಲಿ ಕೊಟ್ಟರೆ ಸೆಂಟಿನವರೆಗೂ ಕರಾರುವಾಕ್ಕಾದ ಮೊತ್ತ.

ನೆರೆಯ ಅಮೆರಿಕದಲ್ಲಿ ನಡೆದದ್ದು ಬೇರೆ. ಅಲ್ಲಿ ಒಂದು ಸೆಂಟಿಗೆ 3.69 ಸೆಂಟ್ ಖರ್ಚಾಗುತ್ತಿದ್ದುದರಿಂದ 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಕೊನೆಯ ಪೆನ್ನಿಯನ್ನು ಒತ್ತಿದರು. ಆದರೆ ರೌಂಡ್ ಆಫ್ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ನಿಯಮವನ್ನು ಮೊದಲೇ ಮಾಡಿಕೊಂಡಿರಲಿಲ್ಲ. ಅಂಗಡಿಗೊಂದು ರೀತಿಯಾಯಿತು. ಕೆಲವರು ಸರಿಯಾದ ಚಿಲ್ಲರೆ ತನ್ನಿ ಎಂದು ಬೋರ್ಡು ಹಾಕಿದರು, ಕೆಲವರು ಗಿರಾಕಿಗೆ ಅನುಕೂಲವಾಗುವಂತೆ ಕೆಳಕ್ಕೆ ಇಳಿಸಿದರು. ನಿಯಮವನ್ನು ಮೊದಲು ಮಾಡಿ ನಾಣ್ಯವನ್ನು ನಂತರ ಕೈಬಿಡುವುದೇ ಲೇಸೆಂದು ನನಗೆ ಇದರಿಂದ ತೋರಿತು.

ಊರ ನೀರು (ಲಿಂಗಸುಗೂರು ತಾಲ್ಲೂಕು)

ಕೆನಡಾದ ಮಾತು ಸರಿ. ನಮ್ಮೂರಲ್ಲಿ ನಾಣ್ಯವನ್ನು ಕೇಳುವುದು ಮನುಷ್ಯರಲ್ಲ, ಯಂತ್ರ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಎರಡು ರೂಪಾಯಿಯ ನಾಣ್ಯ ಹಾಕಿದರೆ ಒಂದು ಕೊಡ ನೀರು ಬರುತ್ತದೆ, ಐದರದ್ದು ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಫೋನಿನಲ್ಲಿ ಹಣ ಕಳಿಸಿದರೆ ಆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಎರಡರ ನಾಣ್ಯವನ್ನು ನಿಲ್ಲಿಸುವವರು ಕೊಡ ಹೊತ್ತು ಬಂದ ಮುದುಕಿ ಕ್ಯಾನಿನಷ್ಟು ನೀರನ್ನು ಹೇಗೆ ಒಯ್ಯಬೇಕೆಂಬುದನ್ನೂ ತಿಳಿಸಬೇಕು. ಇನ್ನೊಂದು ತೊಂದರೆಯೆಂದರೆ ಯಂತ್ರವು ನಾಣ್ಯವನ್ನು ಗಾತ್ರ ಮತ್ತು ತೂಕದಿಂದ ಗುರುತಿಸುವುದರಿಂದ ಹೊಸ ಮಾದರಿಯ ಎರಡು ರೂಪಾಯಿಯನ್ನು ಎಷ್ಟೋ ಸಲ ಹೊರಗೆ ಉಗುಳುತ್ತದೆ. ನಾಣ್ಯ ಬದಲಾದಾಗಲೆಲ್ಲ ಮೆಕ್ಯಾನಿಕ್ ಬರುವವರೆಗೆ ಕಾಯಬೇಕು.

ಟಿಕೆಟ್ ಹಿಂದೆ ಬರೆದವನು (ಬಸ್ ನಿರ್ವಾಹಕ)

ಚಿಲ್ಲರೆಯ ವಿಷಯದಲ್ಲಿ ಬೈಗುಳ ತಿನ್ನುವವರಲ್ಲಿ ಮೊದಲಿಗರು ನಾವೇ ಆದ್ದರಿಂದ ಈ ಚರ್ಚೆಯಲ್ಲಿ ಎರಡು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಮೊತ್ತ ಬರೆದು, ಇಳಿಯುವಾಗ ಕೇಳಿ ಪಡೆಯಿರಿ ಎನ್ನುತ್ತೇವೆ. ಕೆಲವರು ಮರೆತು ಇಳಿಯುತ್ತಾರೆ. ನಾವು ಬೇಕೆಂದೇ ಮರೆಸುತ್ತೇವೆ ಎಂಬ ಆರೋಪವಿದೆ. ಒಳಗಿನ ಸಂಗತಿ ಬಹಳ ಜನರಿಗೆ ತಿಳಿಯದು: ಡ್ಯೂಟಿಗೆ ಹತ್ತುವ ಮೊದಲು ಜೇಬಿನಲ್ಲಿರುವ ಸ್ವಂತ ಹಣವನ್ನು ಬರೆದು ತೋರಿಸಬೇಕು. ದಾರಿಯಲ್ಲಿ ತನಿಖೆಯವರು ಹತ್ತಿ ಚೀಲ ಎಣಿಸಿದಾಗ ಮಾರಿದ ಟಿಕೆಟ್ಟಿನ ಲೆಕ್ಕಕ್ಕಿಂತ ಹಣ ಹೆಚ್ಚಿದ್ದರೂ ಅದು ತಪ್ಪೇ. ಕಡಿಮೆಯಾದರೆ ಕೈಯಿಂದ ಕಟ್ಟುತ್ತೇವೆ, ಹೆಚ್ಚಾದರೆ ಮೆಮೊ ಪಡೆಯುತ್ತೇವೆ. ಪ್ರಯಾಣಿಕರು ಬಿಟ್ಟುಹೋದ ಒಂದೊಂದು ರೂಪಾಯಿಯಲ್ಲಿ ಮನೆ ಕಟ್ಟಿದ ಕಂಡಕ್ಟರನ್ನು ನಾನಂತೂ ಕಂಡಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಚಿಲ್ಲರೆಯ ಬೇಡಿಕೆಯನ್ನು ಹುಟ್ಟಿಸುವವರು ದರ ನಿಗದಿ ಮಾಡುವವರು. 2025ರ ಜನವರಿಯಲ್ಲಿ ಬಸ್ ದರವನ್ನು ಶೇಕಡಾ 15ರಷ್ಟು ಏರಿಸಿದಾಗ ಬೆಂಗಳೂರಿನ ಸಾಮಾನ್ಯ ನಗರ ಬಸ್ಸಿನ ಕನಿಷ್ಠ ದರ 5ರಿಂದ 6 ರೂಪಾಯಿಯಾಯಿತು. ಐದಾಗಿದ್ದಾಗ ಒಂದೇ ನಾಣ್ಯದಲ್ಲಿ ಮುಗಿಯುತ್ತಿದ್ದ ವ್ಯವಹಾರಕ್ಕೆ ಈಗ ಹತ್ತು ಕೊಟ್ಟವರಿಗೆಲ್ಲ ನಾಲ್ಕು ರೂಪಾಯಿ ಹಿಂತಿರುಗಿಸಬೇಕು. ಶಕ್ತಿ ಯೋಜನೆಯಿಂದ ಮಹಿಳೆಯರ ಟಿಕೆಟ್ಟಿಗೆ ಹಣದ ಮಾತೇ ಇಲ್ಲದಿರುವುದು, ಕ್ಯೂಆರ್ ಕೋಡ್ ಬಂದಿರುವುದು, ಇವೆರಡೂ ಇಲ್ಲದಿದ್ದರೆ ನಮ್ಮ ಪಾಡು ನಾಯಿಪಾಡಾಗುತ್ತಿತ್ತು. ನಾಣ್ಯ ತೆಗೆಯುವುದಾದರೆ ದರವೂ ಐದರ ಗುಣಕದಲ್ಲಿರಬೇಕು. ಆಗ ಆರು ರೂಪಾಯಿ ಐದಕ್ಕೆ ಇಳಿಯುತ್ತದೆಯೋ ಹತ್ತಕ್ಕೆ ಏರುತ್ತದೆಯೋ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಧ ಲೀಟರ್ (ಮೈಸೂರು)

ನಿರ್ವಾಹಕರ ಮಾತಿನ ಎಳೆಯನ್ನೇ ಹಿಡಿದು ಮುಂದುವರಿಯುತ್ತೇನೆ. ರೌಂಡ್ ಆಫ್ ಮಾಡಿದರೆ ಕೆಲವೊಮ್ಮೆ ಲಾಭ, ಕೆಲವೊಮ್ಮೆ ನಷ್ಟ, ವರ್ಷದ ಕೊನೆಗೆ ಸಮವಾಗುತ್ತದೆ ಎನ್ನುತ್ತಾರೆ. ತಿಂಗಳ ಸಾಮಾನನ್ನು ಒಟ್ಟಿಗೆ ತರುವ ಮನೆಗೆ ಇದು ನಿಜವಿರಬಹುದು. ಇಪ್ಪತ್ತು ವಸ್ತುಗಳ ಮೊತ್ತ ಯಾವ ಅಂಕಿಯಲ್ಲಿ ಮುಗಿಯುತ್ತದೆಯೋ ಯಾರು ಬಲ್ಲರು. ಆದರೆ ಪ್ರತಿದಿನ ಬೆಳಿಗ್ಗೆ ಅರ್ಧ ಲೀಟರ್ ಹಾಲನ್ನು ಮಾತ್ರ ಕೊಳ್ಳುವ ಮನೆಯನ್ನು ನೋಡಿ. ಅದರ ಬೆಲೆ 24 ರೂಪಾಯಿ ಎಂದಿಟ್ಟುಕೊಂಡರೆ ಕೆನಡಾದ ಕ್ರಮದಂತೆ ಅದು ದಿನವೂ 25 ಆಗುತ್ತದೆ, ಒಂದು ದಿನವೂ ಇಳಿಯುವುದಿಲ್ಲ. ವರ್ಷಕ್ಕೆ 365 ರೂಪಾಯಿ. ಸರಾಸರಿಯ ಮಾತು ಆ ಮನೆಗೆ ಅನ್ವಯಿಸುವುದೇ ಇಲ್ಲ. ದಿನಗೂಲಿಯವರು ಒಂದು ಸಲಕ್ಕೆ ಒಂದೇ ವಸ್ತು, ಅದೂ ನಗದಿನಲ್ಲಿ ಕೊಳ್ಳುವುದರಿಂದ ನಷ್ಟವೂ ಅವರ ಪಾಲಿಗೇ ಹೆಚ್ಚು ಬರುತ್ತದೆ. ಕೆನಡಾದ ಸೆಂಟನ್ನು ನಮ್ಮ ಒಂದು ರೂಪಾಯಿಯ ಪಕ್ಕದಲ್ಲಿಟ್ಟು ನೋಡುವುದು ಈ ಕಾರಣಕ್ಕೇ ನನಗೆ ಒಪ್ಪಿಗೆಯಾಗುವುದಿಲ್ಲ. ಅಲ್ಲಿ ಸೆಂಟಿಗೆ ಏನೂ ಸಿಗುತ್ತಿರಲಿಲ್ಲ, ಇಲ್ಲಿ ಒಂದು ರೂಪಾಯಿಗೆ ಇನ್ನೂ ಶಾಂಪೂ ಸ್ಯಾಶೆ ಸಿಗುತ್ತದೆ.

ನಾಣ್ಯ ಹೋದರೆ ಬೆಲೆಗಳು ಏರುವ ಮೆಟ್ಟಿಲುಗಳೂ ದೊಡ್ಡದಾಗುತ್ತವೆ. ಬೆಂಕಿಪೊಟ್ಟಣವನ್ನು ನೆನಪಿಸಿಕೊಳ್ಳಿ. 2007ರಲ್ಲಿ ಎಂಟಾಣೆಯಿಂದ ಒಂದು ರೂಪಾಯಿಗೆ ಏರಿದ ಅದರ ಬೆಲೆ ಹದಿನಾಲ್ಕು ವರ್ಷ ಅಲ್ಲೇ ನಿಂತು 2021ರ ಡಿಸೆಂಬರ್ 1ರಂದು ಎರಡು ರೂಪಾಯಿಗೆ ಜಿಗಿಯಿತು. ನಡುವೆ ನಿಲ್ಲಲು ಒಂದೂವರೆ ರೂಪಾಯಿ ಎಂಬ ಮೆಟ್ಟಿಲು ಕಾಗದದ ಮೇಲಿತ್ತು, ಎಂಟಾಣೆ ಕೈಯಲ್ಲಿ ಓಡಾಡದ ಕಾರಣ ಅಂಗಡಿಯಲ್ಲಿ ಇರಲಿಲ್ಲ. ನಂದಿನಿ ಹಾಲಿನ ಪ್ಯಾಕೆಟ್ಟಿಗೆ 2024ರ ಜೂನ್‌ನಲ್ಲಿ 50 ಮಿಲಿಲೀಟರ್ ಹೆಚ್ಚು ತುಂಬಿ 2 ರೂಪಾಯಿ ಏರಿಸಿದರು. ಐದೇ ಕನಿಷ್ಠವಾಗಿದ್ದರೆ ಇಂಥ ಎರಡು ರೂಪಾಯಿಯ ಏರಿಕೆ ಸಾಧ್ಯವೇ ಆಗುತ್ತಿರಲಿಲ್ಲ. ಒಂದೋ ಏರಿಕೆಯೇ ಇಲ್ಲ, ಇಲ್ಲವೇ ಒಮ್ಮೆಲೇ ಐದು.

ಗಲ್ಲಾಪೆಟ್ಟಿಗೆ

ಹಾಲಿನ ಲೆಕ್ಕವನ್ನು ನಾನು ಯೋಚಿಸಿರಲಿಲ್ಲ. ಒಪ್ಪುತ್ತೇನೆ. ಅದರ ಇನ್ನೊಂದು ಮುಖವನ್ನೂ ಹೇಳಬೇಕು: ಬೆಲೆ 22 ಆಗಿದ್ದರೆ ಅದೇ ಕ್ರಮದಲ್ಲಿ 20 ಆಗುತ್ತದೆ, ಆಗ ಪ್ಯಾಕೆಟ್ಟಿಗೆ ಎರಡು ರೂಪಾಯಿ ನನ್ನ ಕೈಯಿಂದ ಹೋಗುತ್ತದೆ. ಹಾಲಿನಲ್ಲಿ ನಮಗೆ ಸಿಗುವ ಕಮಿಷನ್ ಅಷ್ಟಿಲ್ಲ. ಒಂದು ವಾರದಲ್ಲಿ ಹಾಲು ಮಾರುವುದನ್ನೇ ನಿಲ್ಲಿಸುತ್ತೇನೆ.

ಆದರೆ ಮರೆಯಬೇಡಿ, ರೌಂಡ್ ಆಫ್ ಈಗಲೂ ನಡೆಯುತ್ತಿದೆ. ನಿಯಮವಿಲ್ಲದೆ ನಡೆಯುತ್ತಿದೆ, ಅಷ್ಟೇ. ಒಂದು ರೂಪಾಯಿ ಇಲ್ಲವೆಂದು ಚಾಕೊಲೇಟ್ ಕೊಡುವವರಲ್ಲಿ ನಾನೂ ಒಬ್ಬ. ಅದೇ ಚಾಕೊಲೇಟನ್ನು ಮರುದಿನ ಮಗುವೊಂದು ಒಂದು ರೂಪಾಯಿಗೆ ಬದಲಾಗಿ ವಾಪಸು ತಂದಾಗ ತೆಗೆದುಕೊಳ್ಳಲು ನಾನು ಹಿಂದೆಮುಂದೆ ನೋಡಿದ್ದೂ ಉಂಟು. ನಾಚಿಕೆಯ ವಿಷಯ, ಬರೆಯುತ್ತಿದ್ದೇನೆ.

ಎಲ್ಲರೂ ಯುಪಿಐಗೆ ಹೋದರೆ ಈ ಗೊಡವೆಯೇ ಇರುವುದಿಲ್ಲ ಎನ್ನುವವರಿಗೆ 2025ರ ಜುಲೈ ತಿಂಗಳನ್ನು ನೆನಪಿಸುತ್ತೇನೆ. ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಸಣ್ಣ ವ್ಯಾಪಾರಿಗಳಿಗೆ ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಫಲಕ ತೆಗೆದು ನಗದು ಮಾತ್ರ ಎಂದು ಚೀಟಿ ಅಂಟಿಸಿದವು. ಬೇಡವೆಂದು ಡಬ್ಬಿಗೆ ಹಾಕಿದ್ದ ಚಿಲ್ಲರೆಗೆ ಆಗ ಒಮ್ಮೆಲೇ ಬೆಲೆ ಬಂತು.

ಬೆರಳಿನ ಕಣ್ಣು (ಶಿವಮೊಗ್ಗ)

ನಾನು ದೃಷ್ಟಿಹೀನ. ಹಣವನ್ನು ಬೆರಳಿನಿಂದ ಓದುತ್ತೇನೆ. ಮುಖಬೆಲೆಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಒಂದೇ ಮುಖಬೆಲೆಯ ನಾಲ್ಕಾರು ಅವತಾರಗಳು. 2011ಕ್ಕೂ ಹಿಂದಿನ ಉಕ್ಕಿನ ಒಂದು ರೂಪಾಯಿಯ ಅಗಲ 25 ಮಿಲಿಮೀಟರ್. 2011ರ ಮಾದರಿಯ ಎರಡು ರೂಪಾಯಿಯದ್ದೂ ಅಷ್ಟೇ. ಇವೆರಡನ್ನು ಜೇಬಿನಲ್ಲಿ ಬೆರೆಸಿಕೊಂಡು ಬಸ್ಸು ಹತ್ತಿ ನೋಡಿ. 2019ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಸರಣಿಯಲ್ಲಿ ಬೆಲೆ ಏರಿದಂತೆ ಗಾತ್ರ, ತೂಕಗಳೂ ಏರುತ್ತವೆ, ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಅಂಚುಗಳಿವೆ. ಅದು ನಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಆದರೆ ಹಳೆಯ ಸರಣಿಗಳೆಲ್ಲ ಜೊತೆಯಲ್ಲೇ ಓಡಾಡುತ್ತಿರುವುದರಿಂದ ಆ ಉಪಕಾರ ಅರ್ಧಕ್ಕೇ ನಿಂತಿದೆ. ಹಿಂತೆಗೆಯುವುದೇ ಆದರೆ ಮುಖಬೆಲೆಯನ್ನು ಬಿಟ್ಟು ಹಳೆಯ ಮಾದರಿಗಳನ್ನು ಹಿಂತೆಗೆಯಿರಿ. ನೀರಿನ ಯಂತ್ರದವರ ಕಷ್ಟಕ್ಕೂ ಅದೇ ಮದ್ದು.

ಮುಯ್ಯಿ ಬರೆಯುವವನು (ಹೊಳೆನರಸೀಪುರ)

ನೂರೊಂದು, ಐನೂರೊಂದು ಎಂದು ಮುಯ್ಯಿ ಮಾಡುವ ನಾಡಿನಲ್ಲಿ ಒಂದು ರೂಪಾಯಿ ಇಲ್ಲವಾದರೆ ಲಕೋಟೆಯ ಮೇಲೆ ಅಂಟಿಸುವುದೇನನ್ನು? ತಮಾಷೆಗೆ ಕೇಳುತ್ತಿಲ್ಲ. ಹರಕೆಯ ಮುಡಿಪಿಗೆ ಅರಿಶಿನದ ಬಟ್ಟೆಯಲ್ಲಿ ಕಟ್ಟುವುದೂ ಒಂದು ರೂಪಾಯಿಯನ್ನೇ. ನಮ್ಮಲ್ಲಿ ದೇವಸ್ಥಾನದ ಹುಂಡಿ ಒಡೆದ ದಿನ ಅಂಗಡಿಯವರು ನೋಟು ಹಿಡಿದು ಸಾಲು ನಿಲ್ಲುತ್ತಾರೆ, ಚಿಲ್ಲರೆಗಾಗಿ. ಬ್ಯಾಂಕು ಮಾಡಬೇಕಾದ ಕೆಲಸವನ್ನು ದೇವರು ಮಾಡುತ್ತಿದ್ದಾನೆ.

ನಿವೃತ್ತ ಕ್ಯಾಶಿಯರ್

ಹುಂಡಿಯ ಮಾತು ಹಾಸ್ಯದಂತೆ ಕಂಡರೂ ಚಿಲ್ಲರೆಯ ಗಂಟು ಇರುವುದು ಅಲ್ಲೇ. ನಾಣ್ಯ ಟಂಕಸಾಲೆಯಿಂದ ರಿಸರ್ವ್ ಬ್ಯಾಂಕಿಗೆ, ಅಲ್ಲಿಂದ ಬ್ಯಾಂಕಿಗೆ, ಅಂಗಡಿಗೆ, ಮನೆಗೆ ಹರಿಯುತ್ತದೆ, ಹಿಂದಕ್ಕೆ ಹರಿಯುವುದಿಲ್ಲ. ಆದ್ದರಿಂದ ಒಂದೇ ಊರಿನಲ್ಲಿ ಒಂದು ಕಡೆ ಡಬ್ಬಿಗಟ್ಟಲೆ ರಾಶಿ, ಇನ್ನೊಂದು ಕಡೆ ಬರ. ನಾಣ್ಯಗಳನ್ನು ಬ್ಯಾಂಕುಗಳು ನಿರಾಕರಿಸುವಂತಿಲ್ಲವೆಂದೂ, ಒಂದು ಮತ್ತು ಎರಡು ರೂಪಾಯಿಯವನ್ನು ತೂಕದ ಮೇಲೆ ಸ್ವೀಕರಿಸಬಹುದೆಂದೂ, ನೂರರಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದರೆ ಅನುಕೂಲವೆಂದೂ ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಕೌಂಟರಿನಲ್ಲಿ ಒಬ್ಬನೇ ಗುಮಾಸ್ತನಿದ್ದು ಹಿಂದೆ ಇಪ್ಪತ್ತು ಜನ ನಿಂತಿದ್ದಾಗ ಆ ಸೂಚನೆ ಎಷ್ಟು ಪಾಲನೆಯಾಗುತ್ತದೆ ಎಂಬುದನ್ನು ನಾನು ಒಳಗಿನಿಂದ ನೋಡಿದ್ದೇನೆ. ನಾನೇ ಎಷ್ಟೋ ಸಲ ನಾಳೆ ಬನ್ನಿ ಎಂದಿದ್ದೇನೆ. ಕ್ಯೂಆರ್ ಕೋಡಿನಿಂದ ನಾಣ್ಯ ಕೊಡುವ ಯಂತ್ರಗಳನ್ನು 12 ನಗರಗಳಲ್ಲಿ ಪ್ರಾಯೋಗಿಕವಾಗಿ ಇಡುವುದಾಗಿ ರಿಸರ್ವ್ ಬ್ಯಾಂಕು 2023ರ ಫೆಬ್ರವರಿಯಲ್ಲಿ ಪ್ರಕಟಿಸಿತ್ತು. ಕೊಡುವ ಯಂತ್ರದಷ್ಟೇ ತೆಗೆದುಕೊಳ್ಳುವ ಯಂತ್ರವೂ ಬೇಕು.

ನಿಯಮದ ಬಗ್ಗೆ ಒಂದು ಹಳೆಯ ಉದಾಹರಣೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗ ಒಂದು ಆಣೆಗೆ ಆರೂಕಾಲು ನಯಾಪೈಸೆಯಾಯಿತು. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು? ಆಗ ಸರ್ಕಾರ ಪರಿವರ್ತನೆಯ ಪಟ್ಟಿಯನ್ನೇ ಕೊಟ್ಟಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಯಾರಿಗೆ ಎಲ್ಲಿ ಎಷ್ಟು ನಷ್ಟವೆಂಬುದು ಎಲ್ಲರ ಕಣ್ಣೆದುರಿಗಿತ್ತು. ಇಂದಿಗೂ ಜಿಎಸ್‌ಟಿ ಕಾಯ್ದೆಯ 170ನೆಯ ಕಲಮು ತೆರಿಗೆಯ ಮೊತ್ತವನ್ನು ಹತ್ತಿರದ ರೂಪಾಯಿಗೆ ಸರಿಹೊಂದಿಸುತ್ತದೆ. ಸರ್ಕಾರ ತನ್ನ ಪಾವತಿಗೆ ಬರೆದುಕೊಂಡಿರುವ ಕ್ರಮವನ್ನು ದಿನಸಿ ಅಂಗಡಿಯ ನಗದು ವ್ಯವಹಾರಕ್ಕೂ ಬರೆದುಕೊಡಲಿ. ಎಂಟಾಣೆಯನ್ನು ಇಂದೇ ಬಿಡೋಣ, ಅದು ಸತ್ತು ವರ್ಷಗಳಾದವು. ಒಂದು ಮತ್ತು ಎರಡನ್ನು ಮುಟ್ಟುವ ಮಾತು ಆ ನಿಯಮ ಬಂದು, ಬಸ್ಸು ಮತ್ತು ಹಾಲಿನ ದರಗಳು ಅದಕ್ಕೆ ಹೊಂದಿಕೊಂಡ ನಂತರದ್ದು.

ಗಲ್ಲಾಪೆಟ್ಟಿಗೆ

ನನ್ನ ಮೊದಲ ಬರಹದಲ್ಲಿದ್ದ ಒಂದು, ಎರಡು ರೂಪಾಯಿಯ ಮಾತನ್ನು ಸದ್ಯಕ್ಕೆ ಹಿಂತೆಗೆದುಕೊಳ್ಳುತ್ತೇನೆ. ಎಂಟಾಣೆಯ ವಿಷಯದಲ್ಲಿ ಬದಲಾವಣೆಯಿಲ್ಲ.

ಕ್ಯಾಶಿಯರ್ ಸಾಹೇಬರು ಹೇಳಿದಂತೆ ಆ 212 ನಾಣ್ಯಗಳನ್ನು ಎರಡು ಚೀಲ ಮಾಡಿ, ಉಳಿದ ಹನ್ನೆರಡನ್ನು ಕಾಗದದಲ್ಲಿ ಸುತ್ತಿ ಇಂದು ಬ್ಯಾಂಕಿಗೆ ಒಯ್ದಿದ್ದೆ. ಕೌಂಟರಿನ ಹುಡುಗಿ ಎಂಟಾಣೆಯನ್ನು ಕೈಯಲ್ಲಿ ಹಿಡಿದು ನೋಡಿ, ಇದು ನಡೆಯುತ್ತದೆಯೇ ಸರ್ ಎಂದು ನನ್ನನ್ನೇ ಕೇಳಿದಳು. ವ್ಯವಸ್ಥಾಪಕರನ್ನು ಕೇಳಿ ಬಂದು ತೆಗೆದುಕೊಂಡಳು. 106 ರೂಪಾಯಿ ಖಾತೆಗೆ ಜಮೆಯಾಯಿತು. ಇನ್ನು ಮನೆಯಲ್ಲಿ ಒಂದು ರೂಪಾಯಿಯ ಹದಿನಾಲ್ಕು ಚೀಲಗಳಿವೆ, ನೂರರದ್ದು ಒಂದೊಂದು. ಮುಂದಿನ ವಾರ ಅವನ್ನೂ ಒಯ್ಯುತ್ತೇನೆ.

ಟಿಕೆಟ್ ಹಿಂದೆ ಬರೆದವನು

ದಯವಿಟ್ಟು ಒಯ್ಯಬೇಡಿ ಸರ್. ಗುರುವಾರ ನನ್ನ ಗಾಡಿ ತುಮಕೂರಿನಿಂದ ಅರಸೀಕೆರೆಗೆ ಹೋಗುವಾಗ ತಿಪಟೂರಿನ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಐದು ಚೀಲ ನನಗೆ ತೆಗೆದಿಡಿ, ಐನೂರರ ನೋಟು ತರುತ್ತೇನೆ. ಡ್ಯೂಟಿ ಹತ್ತುವಾಗಲೇ ಸ್ವಂತ ಹಣದ ಲೆಕ್ಕದಲ್ಲಿ ಬರೆಸಿರುತ್ತೇನೆ.